ಆನೆಯ ಹುಡುಗನೂ ಕಾಕನಕೋಟೆಯ ಖೆಡ್ಡಾವೂ



ಕಳೆದ ಕೂಟದಲ್ಲಿ ಪುಸ್ತಕವನ್ನು ಪಕ್ಕಕ್ಕಿಟ್ಟು ಒಂದು ಸಿನಿಮಾ ನೋಡಿದೆವು. ಅಲ್ ಥುಮಾಮಾದ ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಗೊಂದು ಬಿಳಿ ಪಂಚೆ, ಎದುರಿಗೆ ಹಳೆಯ ಪ್ರೊಜೆಕ್ಟರ್, ನೆಲದ ಮೇಲೆ ಮಕ್ಕಳು, ಸೋಫಾದ ಮೇಲೆ ದೊಡ್ಡವರು, ಅಡುಗೆಮನೆಯಿಂದ ಒಗ್ಗರಣೆ ಅವಲಕ್ಕಿಯ ವಾಸನೆ. ಚಿತ್ರ 1937ರ 'ಎಲಿಫೆಂಟ್ ಬಾಯ್'. ಕಪ್ಪು ಬಿಳುಪಿನದು, ಇಂಗ್ಲಿಷಿನದು. ಮಕ್ಕಳು ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆಂದು ಎಣಿಸಿದ್ದೆವು. ಯಾರೂ ಏಳಲಿಲ್ಲ. ಕೊನೆಗೆ ಎಂಟು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರಿಂದಲೂ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ. ಅದನ್ನೇ ಈ ಸಲ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕತೆ. ತೂಮಾಯಿ ಎಂಬ ಮಾವುತನ ಮಗ, ಕಾಲಾ ನಾಗ್ ಎಂಬ ಸಾಕಾನೆ. ಪೀಟರ್ಸನ್ ಎಂಬ ಬಿಳಿಯ ಸಾಹೇಬರು ಕಾಡಾನೆಗಳನ್ನು ಹಿಡಿಯಲು ತಂಡ ಕಟ್ಟುತ್ತಾರೆ. ಹುಡುಗನ ಅಪ್ಪ ಹುಲಿಯ ಬಾಯಿಗೆ ಬಲಿಯಾಗುತ್ತಾನೆ. ಆನೆ ದುಃಖದಿಂದ ಹುಚ್ಚೆದ್ದು ಹೋಗುತ್ತದೆ. ಅದನ್ನು ಬೇರೊಬ್ಬ ಮಾವುತನಿಗೆ ಒಪ್ಪಿಸುತ್ತಾರೆ, ಅವನು ಕ್ರೂರಿ. ಅವನ ಹೊಡೆತ ತಾಳದೆ ಆನೆ ತಿರುಗಿ ಬೀಳುತ್ತದೆ. ಇನ್ನು ಇದನ್ನು ಗುಂಡಿಟ್ಟು ಕೊಲ್ಲುವುದೇ ಸರಿ ಎಂಬ ಮಾತು ಬಂದಾಗ ಹುಡುಗ ರಾತ್ರೋರಾತ್ರಿ ಆನೆಯನ್ನು ಕರೆದುಕೊಂಡು ಕಾಡು ಸೇರುತ್ತಾನೆ. ಅಲ್ಲಿ ಯಾರೂ ಕಾಣದ ಆನೆಗಳ ಕುಣಿತವನ್ನು ಕಾಣುತ್ತಾನೆ. ಮೂಲ ಕತೆ ಕಿಪ್ಲಿಂಗನದು, 1894ರ 'ಜಂಗಲ್ ಬುಕ್' ಸಂಕಲನದ್ದು. ನಿರ್ದೇಶಕರು ಇಬ್ಬರು, ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ಬಂತು.

ಇದರಲ್ಲಿ ನಮಗೇನು ಸಂಬಂಧ ಎಂದರೆ, ಪರದೆಯ ಮೇಲಿನ ಕಾಡು ನಮ್ಮದು. ಹೊರಾಂಗಣದ ಚಿತ್ರೀಕರಣ ನಡೆದದ್ದು ಮೈಸೂರು ಸಂಸ್ಥಾನದಲ್ಲಿ. ಉಳಿದದ್ದನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಮುಗಿಸಿದರು. (ಯಾವುದು ಮೈಸೂರು, ಯಾವುದು ಇಂಗ್ಲೆಂಡ್ ಎಂದು ಕಣ್ಣಿಗೆ ಗೊತ್ತಾಗುತ್ತದೆ, ನೋಡಿದವರಿಗೆ ತಿಳಿದೀತು.) ತೂಮಾಯಿಯಾದ ಹುಡುಗ ಸಾಬು, 1924ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಹುಟ್ಟಿದವನು, ಮಾವುತನ ಮಗ. ಕಾಲಾ ನಾಗ್ ಆದದ್ದು ಮೈಸೂರಿನ ಐರಾವತ. ಚಿತ್ರದಿಂದ ಸಾಬು ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1944ರಲ್ಲಿ ಅಮೆರಿಕದ ಪೌರನಾಗಿ, ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ನಡೆಸಿದ. 1963ರಲ್ಲಿ, 39ನೆಯ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡ. ಊರು ಬಿಟ್ಟು ಬಂದ ನಮಗೆಲ್ಲ ಅವನು ಒಂದು ರೀತಿಯಲ್ಲಿ ಹಿರಿಯಣ್ಣನಾಗಬೇಕು!

ಹುಡುಗಿಯ ಪ್ರಶ್ನೆ ಇದು: "ಅಂಕಲ್, ಆ ಸಾಹೇಬ್ರು ಒಳ್ಳೆಯವರಾ, ಕೆಟ್ಟವರಾ?"

ಒಳ್ಳೆಯವರು ಕಣಮ್ಮಾ, ಹುಡುಗನನ್ನು ಸೇರಿಸಿಕೊಂಡರಲ್ಲ, ಎಂದೆವು.

"ಮತ್ತೆ ಕಾಡಲ್ಲಿ ಸುಮ್ನೆ ಇದ್ದ ಆನೆಗಳನ್ನ ಯಾಕೆ ಹಿಡೀತಾರೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಚಿತ್ರ ನಮ್ಮನ್ನು ಅಳಿಸುವುದು ಒಂದು ಆನೆಗೆ ಬಿದ್ದ ಏಟಿಗೆ. ಇಡೀ ಹಿಂಡನ್ನು ಸೆರೆಹಿಡಿಯುವುದು ಅದರಲ್ಲಿ ಕ್ರೌರ್ಯವೇ ಅಲ್ಲ, ಸಾಧನೆ. ಹುಡುಗ ಹಿಂಡಿನ ಜಾಡು ಕಂಡುಬಂದದ್ದಕ್ಕೆ ಎಲ್ಲರೂ ಅವನನ್ನು ಹಾಡಿ ಹೊಗಳುತ್ತಾರೆ. ಅಂಕುಶ ಹಿಡಿದ ಕೆಟ್ಟ ಮಾವುತ ಖಳ, ಖೆಡ್ಡಾ ನಡೆಸುವವನು ದೊಡ್ಡ ಮನುಷ್ಯ.

ಹಾಗಾದರೆ ಖೆಡ್ಡಾ ಎಂದರೇನು? ನಮ್ಮಲ್ಲಿ ಎಳೆಯರಿಗೆ ಪದವೇ ಗೊತ್ತಿರಲಿಲ್ಲ, ಆದ್ದರಿಂದ ತುಸು ವಿವರಿಸುತ್ತೇವೆ. ಮೈಸೂರಿನಲ್ಲಿ ಇದನ್ನು ವ್ಯವಸ್ಥಿತವಾಗಿ ಶುರುಮಾಡಿದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ, 1870ರ ದಶಕದಲ್ಲಿ, ಚಾಮರಾಜನಗರದ ಕಡೆ. 1878ರಲ್ಲಿ ಅವನು ಬರೆದ ಪುಸ್ತಕದಲ್ಲಿ ಅದೆಲ್ಲ ಇದೆ. ಆಮೇಲೆ ಹೆಸರಾದದ್ದು ಕಪಿಲಾ ದಂಡೆಯ ಕಾಕನಕೋಟೆ. ಕಾಡಿನ ಒಳಹೊರಗು ಬಲ್ಲ ಕುರುಬರು ಹಿಂಡಿನ ಜಾಡು ಹಿಡಿಯುತ್ತಿದ್ದರು. ನೂರಾರು ಜನ ಸುತ್ತುಗಟ್ಟಿ, ರಾತ್ರಿಯೆಲ್ಲ ಬೆಂಕಿ ಹಾಕಿ, ತಮಟೆ ಬಡಿದು, ಹಿಂಡನ್ನು ದಿನದಿಂದ ದಿನಕ್ಕೆ ಹೊಳೆಯ ಕಡೆ ದಬ್ಬುತ್ತಿದ್ದರು. ಹೊಳೆ ದಾಟಿದರೆ ದಪ್ಪ ದಿಮ್ಮಿಗಳ ಕೋಟೆ. ಹಿಂಡು ಒಳಗೆ ನುಗ್ಗಿದೊಡನೆ ಬಾಗಿಲು ಬೀಳುತ್ತಿತ್ತು. ನಂತರ ಕುಮ್ಕಿ ಆನೆಗಳ ಮೇಲೆ ಕೂತ ಮಾವುತರು ಒಳಗೆ ಹೋಗಿ ಒಂದೊಂದನ್ನೇ ಬೇರ್ಪಡಿಸಿ ಕಾಲಿಗೆ ಕತ್ತಿಗೆ ಹಗ್ಗ ಬಿಗಿಯುತ್ತಿದ್ದರು. ಎಳೆದಾಟದಲ್ಲಿ ಹಗ್ಗ ಚರ್ಮ ಕಿತ್ತು ಮಾಂಸಕ್ಕಿಳಿಯುತ್ತಿತ್ತು. ಗಾಯ ಕೊಳೆತು ಸತ್ತವುಂಟು, ತಾಯಿಯಿಂದ ಅಗಲಿದ ಮರಿಗಳುಂಟು. ವೈಸ್‌ರಾಯ್, ರಾಜಕುಮಾರರು ಬಂದಾಗ ಇದು ಅತಿಥಿಗಳಿಗೆ ತೋರಿಸುವ ದೊಡ್ಡ ದೃಶ್ಯ, ನೋಡಲು ಅಟ್ಟಣಿಗೆ ಕಟ್ಟುತ್ತಿದ್ದರು.

ನಮ್ಮ ಕೂಟದಲ್ಲಿ ಎಚ್.ಡಿ. ಕೋಟೆ ಕಡೆಯವರೊಬ್ಬರಿದ್ದಾರೆ. ಅವರ ಅಜ್ಜಿಗೆ ಖೆಡ್ಡಾ ಎಂದರೆ ಜಾತ್ರೆಯ ನೆನಪಂತೆ, ಬಳೆ, ಬತ್ತಾಸು, ದೊರೆಗಳ ಕಾರು. ಆದರೆ ರಾತ್ರಿ ಆನೆಗಳ ಕೂಗು ಕೇಳಿದಾಗ ಮಾತ್ರ ಮಕ್ಕಳ ಕಿವಿ ಮುಚ್ಚಿ ಮಲಗಿಸುತ್ತಿದ್ದರಂತೆ. ಎರಡನ್ನೂ ಅಜ್ಜಿ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು ಎಂದರು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾದ ನೆಲ ನೀರಿನಡಿ ಹೋಯಿತು, 1977ರಲ್ಲಿ ಆನೆ ಕಾಯಿದೆಯ ಮೊದಲ ಪಟ್ಟಿಗೆ ಏರಿತು. (ಇಲ್ಲಿನ ವಿಮಾನಗಳ ಬಾಲದ ಮೇಲೆ ಮಕ್ಕಳು ದಿನಾ ನೋಡುವ ಓರಿಕ್ಸ್ ಜಿಂಕೆಯೂ ಕಾಡಿನಲ್ಲಿ ಕೊನೆಯದಾಗಿ ಬಲಿಯಾದದ್ದು ಅದೇ 1972ರಲ್ಲಿ, ಒಮಾನಿನಲ್ಲಿ. ಬೋನುಗಳಲ್ಲಿ ಉಳಿದಿದ್ದವುಗಳಿಂದ ಮತ್ತೆ ಮರುಭೂಮಿಗೆ ಬಿಟ್ಟದ್ದು 1982ರಿಂದ.)

ಕನ್ನಡ ಸಿನಿಮಾದಲ್ಲೂ ಖಳ ಬದಲಾದದ್ದು ಆ ಹೊತ್ತಿಗೇ. ಎಂ.ಪಿ. ಶಂಕರ್ ನಿರ್ಮಿಸಿ ವಿಜಯ್ ನಿರ್ದೇಶಿಸಿದ 'ಗಂಧದ ಗುಡಿ' 1973ರದು. ನಾಯಕ ಅರಣ್ಯಾಧಿಕಾರಿ, ಖಳರು ಕಾಡು ದೋಚುವವರು. ರಾಜ್‌ಕುಮಾರ್ ಅವರನ್ನು ಆ ಖಾಕಿಯಲ್ಲಿ ನೋಡಿದ ಮೇಲೆ ಎಷ್ಟೋ ಹುಡುಗರಿಗೆ ಅರಣ್ಯ ಇಲಾಖೆ ಎಂದರೆ ಪೊಲೀಸ್ ಇಲಾಖೆಗಿಂತ ದೊಡ್ಡದಾಗಿ ಕಂಡಿತು. ನಮಗಂತೂ ಹಾಗೆ. ಆದರೂ ಅಲ್ಲಿಯೂ ಪ್ರಾಣಿಗಳು ನಟಿಸಿದ್ದು ಸಾಕಿ ಪಳಗಿಸಿದ ಪ್ರಾಣಿಗಳೇ. ಈಗ ಆ ಕೆಲಸವನ್ನು ನಮ್ಮ ಕಸುಬಿನವರು ಕಂಪ್ಯೂಟರಿನಲ್ಲಿ ಮಾಡುತ್ತಾರೆ. 2016ರ 'ಜಂಗಲ್ ಬುಕ್'ನಲ್ಲಿ ಹುಡುಗನೊಬ್ಬನೇ ನಿಜ, ಪ್ರಾಣಿಗಳೆಲ್ಲ ಲೆಕ್ಕದಿಂದ ಹುಟ್ಟಿದವು. ಯಾವ ಆನೆಗೂ ನೋವಾಗದು. ಆದರೆ ಐರಾವತನ ಕಣ್ಣಿನಲ್ಲಿ ಇದ್ದದ್ದು ಅಲ್ಲಿ ಇದೆಯೇ ಎಂದು ಕೇಳಿದರೆ, ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನಾವೂ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಖೆಡ್ಡಾ ನಿಂತಿತು, ಆನೆ ಹಿಡಿಯುವುದು ನಿಲ್ಲಲಿಲ್ಲ. ತೋಟಗಳ ನಡುವೆ ಕಾಡು ಚೂರುಚೂರಾಗಿರುವ ಹಾಸನ, ಕೊಡಗಿನ ಕಡೆ ಜನರೂ ಸಾಯುತ್ತಿದ್ದಾರೆ, ಆನೆಗಳೂ ಸಾಯುತ್ತಿವೆ. ಕಾಫಿ ತೋಟದ ಕೂಲಿಯವಳನ್ನು ಕಳೆದುಕೊಂಡ ಮನೆಯವರ ಮುಂದೆ ನಿಂತು ದೋಹಾದಿಂದ ಪ್ರಾಣಿದಯೆ ಹೇಳುವುದು ಸುಲಭ, ಅದನ್ನು ನಾವು ಮಾಡುವುದಿಲ್ಲ. ಈಗ ಅರಿವಳಿಕೆಯ ಚುಚ್ಚುಮದ್ದು ಹಾರಿಸಿ, ಕುಮ್ಕಿಗಳಿಂದ ಸುತ್ತುವರಿದು, ಕೆಲವನ್ನು ಲಾರಿಗೆ ಏರಿಸುತ್ತಾರೆ, ಕೆಲವಕ್ಕೆ ರೇಡಿಯೋ ಕಾಲರ್ ಕಟ್ಟಿ ಬಿಡುತ್ತಾರೆ.

ಸಿನಿಮಾ ಮುಗಿದ ಮೇಲೆ ಮಕ್ಕಳಿಗೆ ನಾವು ಅರ್ಜುನನ ವಿಷಯ ಹೇಳಿದೆವು. ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು, ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅವನನ್ನು ಹಿಡಿದದ್ದು 1968ರಲ್ಲಿ, ಇದೇ ಕಾಕನಕೋಟೆಯ ಖೆಡ್ಡಾದಲ್ಲಿ. ಆಗಿನ್ನೂ ಎಳೆಯ ಆನೆ. ಐವತ್ತೈದು ವರ್ಷ ಮನುಷ್ಯರ ಕೆಲಸ ಮಾಡಿದ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದಿದ್ದರು. ಮದವೇರಿದ ಸಲಗವೊಂದು ಮೇಲೆ ಬಿತ್ತು. ಜೊತೆಗಿದ್ದ ಸಾಕಾನೆಗಳು ಹಿಂದೆ ಸರಿದವು, ಅರ್ಜುನ ಒಬ್ಬನೇ ಎದುರಿಸಿ ಅಲ್ಲಿಯೇ ಸತ್ತ. ಅವನ ಮಾವುತ ಅತ್ತದ್ದನ್ನು ಇಡೀ ಕರ್ನಾಟಕ ನೋಡಿತು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಕಾಡಾನೆಗೆ ಅರ್ಜುನ ಯಾರು ಅಂತ ಗೊತ್ತಿತ್ತಾ?" ಎಂದಳು. ಅವಳಪ್ಪ, ಲೇಟಾಯ್ತು ಬಾ ಪುಟ್ಟಿ, ಎಂದು ಚಪ್ಪಲಿ ಹುಡುಕತೊಡಗಿದರು.

ಮುಂದಿನ ಕೂಟದಲ್ಲಿ ಮಾಸ್ತಿಯವರ 'ಕಾಕನಕೋಟೆ' ನಾಟಕದ ಓದು. ಪುಸ್ತಕ ಎರಡೇ ಪ್ರತಿ ಇವೆ, ಊರಿನಿಂದ ಬರುವವರಿದ್ದರೆ ದಯವಿಟ್ಟು ಒಂದನ್ನು ಹೊತ್ತು ತರಬೇಕು.