ಶೆಡ್ಡಿನ ಹಲಗೆ ಯಾಕೆ ಜೋತುಬೀಳುತ್ತದೆ?

ಬಂಗಾರಪೇಟೆಯ ಓದುಗರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಅವರ ಮನೆಯ ಕಾರ್ ಶೆಡ್ಡು ಹತ್ತು ಅಡಿ ಅಗಲ. ಗೋಡೆಯುದ್ದಕ್ಕೂ ಪ್ಲೈವುಡ್ ಹಲಗೆ ಹೊಡೆಸಿ ರಾಗಿ ಚೀಲ, ಹಳೇ ಪಾತ್ರೆ, ಪಂಪ್‌ಸೆಟ್ಟಿನ ಬಿಡಿ ಸಾಮಾನು ಎಲ್ಲವನ್ನೂ ಮೇಲೇರಿಸಿದ್ದಾರೆ. ವರ್ಷ ತುಂಬುವಷ್ಟರಲ್ಲಿ ಹಲಗೆ ನಡುವೆ ಜೋತುಬಿದ್ದಿದೆ. ಇನ್ನೂ ದಪ್ಪದ ಹಲಗೆ ಹಾಕಿಸುವುದೋ, ಕಡಪ ಕಲ್ಲು ಕೂರಿಸುವುದೋ ಎಂಬುದು ಅವರ ಚಿಂತೆ.

ಎರಡಕ್ಕಿಂತ ಮೊದಲು ಅಳೆಯಬೇಕಾದದ್ದು ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಇರುವ ದೂರ. 12 ಮಿಲಿಮೀಟರ್ ಹಲಗೆಯ ಬದಲು 18 ಮಿಲಿಮೀಟರಿನದು ಹಾಕಿದರೆ ಬಾಗು ಮೂರರಲ್ಲೊಂದು ಪಾಲಿಗಿಂತ ಕೆಳಗಿಳಿಯುತ್ತದೆ; ದಪ್ಪದ ಘನಕ್ಕೆ ತಕ್ಕಂತೆ ಬಿಗುವು ಹೆಚ್ಚುತ್ತದೆ. ಆದರೆ ಹಳೇ ಹಲಗೆಯನ್ನೇ ಇಟ್ಟುಕೊಂಡು, ನಾಲ್ಕು ಅಡಿಯ ಅಂತರವನ್ನು ಎರಡು ಅಡಿಗೆ ಇಳಿಸಿದರೆ ಬಾಗು ಹದಿನಾರರಲ್ಲೊಂದು ಪಾಲಿಗೆ ಬರುತ್ತದೆ. ಸಾಮಾನು ಉದ್ದಕ್ಕೂ ಸಮನಾಗಿ ಹರಡಿದ್ದಾಗ ಬಾಗು ಉದ್ದದ ನಾಲ್ಕನೇ ಘಾತವನ್ನು ಹಿಂಬಾಲಿಸುತ್ತದೆ. ವೆಲ್ಡಿಂಗ್‌ನವರು ಕೂರಿಸುವ ಒಂದು ಆಂಗಲ್ ಕಾಲಿಗೆ ಇಷ್ಟು ಶಕ್ತಿ! ಮೊದಲ ದಿನ ನೆಟ್ಟಗಿದ್ದ ಹಲಗೆ ವರ್ಷದ ಮೇಲೆ ಬಾಗಿದ್ದರಲ್ಲೂ ಅಚ್ಚರಿಯಿಲ್ಲ. ಭಾರ ಹೊತ್ತ ಮರ ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುತ್ತಲೇ ಇರುತ್ತದೆ, ಮಳೆಗಾಲದ ತೇವ ಅದನ್ನು ಇನ್ನಷ್ಟು ಇಳಿಸುತ್ತದೆ.

ಕಲ್ಲಿನ ಕತೆಯೇ ಬೇರೆ. ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಮುರಿಯುವುದನ್ನು ನೆನೆಸಿಕೊಳ್ಳಿ. ಬಿರುಕು ಮೊಣಕಾಲು ಒತ್ತಿದ ಕಡೆ ಬಾಯಿಬಿಡುವುದಿಲ್ಲ, ಅದರ ಎದುರು ಬದಿಯಲ್ಲಿ ಬಿಡುತ್ತದೆ. ಬಾಗುವ ಯಾವುದೇ ವಸ್ತುವಿನ ಒಂದು ಮೈ ಒತ್ತಿಕೊಳ್ಳುತ್ತದೆ, ಇನ್ನೊಂದು ಮೈ ಎಳೆಸಿಕೊಳ್ಳುತ್ತದೆ. ಮರದ ನಾರು ಎಳೆತವನ್ನು ತಾಳುತ್ತದೆ. ಕಲ್ಲು ಒತ್ತಡಕ್ಕೆ ಮಹಾ ಗಟ್ಟಿ. ಎಳೆತಕ್ಕೆ ಮಾತ್ರ ಅದರ ಬಲ ಸುಮಾರು ಹತ್ತರಲ್ಲೊಂದು ಪಾಲು, ಎಷ್ಟೋ ಸಲ ಅಷ್ಟೂ ಇಲ್ಲ. ಮರ ಜೋತುಬಿದ್ದು ಎಚ್ಚರಿಸುತ್ತದೆ. ಕಲ್ಲು ಕಣ್ಣಿಗೆ ಕಾಣುವಷ್ಟು ಬಾಗುವುದೇ ಇಲ್ಲ, ಒಂದು ದಿನ ಫಟ್ಟನೆ ಎರಡಾಗುತ್ತದೆ.

ಇದನ್ನು ಮೊದಲು ಲೆಕ್ಕಕ್ಕೆ ತಂದವನು ಗೆಲಿಲಿಯೊ. 1638ರಲ್ಲಿ, ಗೃಹಬಂಧನದಲ್ಲಿದ್ದಾಗ ಹೊರಬಂದ ಅವನ ಕೊನೆಯ ಪುಸ್ತಕದಲ್ಲಿ ಅಮೃತಶಿಲೆಯ ಕಂಬವೊಂದರ ಪ್ರಸಂಗವಿದೆ. ದೊಡ್ಡ ಕಂಬವನ್ನು ಎರಡು ತುದಿಗೂ ಮರದ ದಿಮ್ಮಿ ಕೊಟ್ಟು ಮಲಗಿಸಿದ್ದರು. ನಡುವೆ ಮುರಿದೀತೆಂಬ ಭಯಕ್ಕೆ ಕೆಲಸಗಾರನೊಬ್ಬ ಮಧ್ಯೆ ಮೂರನೆಯ ಆಸರೆ ಕೊಡಿಸಿದ. ಕೆಲವು ತಿಂಗಳ ಮೇಲೆ ನೋಡಿದರೆ ಕಂಬ ಸರಿಯಾಗಿ ಆ ಹೊಸ ಆಸರೆಯ ಮೇಲೆಯೇ ಸೀಳಿತ್ತು! ತುದಿಯ ದಿಮ್ಮಿಯೊಂದು ಲಡ್ಡಾಗಿ ಕುಸಿದಿತ್ತು, ನಡುವಿನದು ಗಟ್ಟಿಯಾಗಿಯೇ ಉಳಿದಿತ್ತು. ಅರ್ಧ ಕಂಬ ಆಧಾರವಿಲ್ಲದೆ ಚಾಚಿಕೊಂಡು, ಎಳೆತ ಮೇಲ್ಮೈಗೆ ಬಂದಿತ್ತು. ಯಂತ್ರಶಾಸ್ತ್ರದ ಇಡೀ ಇತಿಹಾಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ.

ತೊಲೆಯ ಬಲ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂದು ಗೆಲಿಲಿಯೊ ಸರಿಯಾಗಿಯೇ ಕಂಡುಕೊಂಡ. ಆದರೆ ತೊಲೆಯ ಇಡೀ ಸೀಳುಮುಖ ಎಳೆತದಲ್ಲೇ ಇರುತ್ತದೆಂದು ಭಾವಿಸಿದ್ದರಿಂದ ಬಲದ ಮೊತ್ತ ಮೂರು ಪಟ್ಟು ಹೆಚ್ಚಾಗಿ ಬಂತು. ಮಾರಿಯೊಟ್, ಪಾರಾಂ, ಕೂಲಂಬ್ ಒಬ್ಬರಾದ ಮೇಲೊಬ್ಬರು ತಿದ್ದುತ್ತ ಬಂದರು. 1826ರಲ್ಲಿ ನವಿಯೆ ಬರೆದ ಪುಸ್ತಕದಿಂದ ಎಂಜಿನಿಯರುಗಳಿಗೆ ಸರಿಯಾದ ಲೆಕ್ಕ ಕೈಗೆ ಸಿಕ್ಕಿತು.

ಕೋಲಾರದ ಚಿನ್ನದ ಗಣಿಯವರಿಗೆ ಕಲ್ಲಿನ ಈ ಗುಣ ಚೆನ್ನಾಗಿ ಗೊತ್ತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿ ಇಳಿಯುತ್ತ ಹೋಗಿ, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರನ್ನೂ ದಾಟಿತು. ಅಷ್ಟು ಆಳದಲ್ಲಿ ಒಂದು ಚದರ ಮೀಟರಿನ ಮೇಲೆ 8,000 ಟನ್ನಿಗೂ ಮಿಕ್ಕಿದ ಬಂಡೆಯ ಭಾರ. ಅದಿರು ತೆಗೆದು ಬರಿದಾದ ಜಾಗಕ್ಕೆ ಮರದ ಆಸರೆ ಸಾಲದೆ ಗ್ರಾನೈಟಿನ ಗೋಡೆ ಕಟ್ಟಿದರು. ಅಲ್ಲಿ ಕಲ್ಲಿಗಿದ್ದದ್ದು ಒತ್ತಡ ತಾಳುವ ಕೆಲಸ. ಅದೇ ಕಲ್ಲನ್ನು ಹಲಗೆಯಂತೆ ಅಡ್ಡ ಮಲಗಿಸಿದರೆ ಅದರ ದುರ್ಬಲ ಗುಣಕ್ಕೇ ಕೆಲಸ ಕೊಟ್ಟಂತಾಗುತ್ತದೆ.

ಹಾಗೆಂದು ಕಡಪ ಕಲ್ಲು ಬೇಡವೆಂದಲ್ಲ. ಗೆದ್ದಲು ಅದರ ತಂಟೆಗೆ ಬರುವುದಿಲ್ಲ. ನಾಲ್ಕು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದಿಂಚು ದಪ್ಪದ ತುಂಡೇ ಸುಮಾರು 30 ಕಿಲೋ ತೂಗುತ್ತದೆ. ಎರಡು ಅಡಿಗೊಂದು ಆಸರೆ ಇರಲಿ, ಪ್ರತಿ ಅಂತರಕ್ಕೂ ಬೇರೆ ಬೇರೆ ತುಂಡು ಇರಲಿ. ಮೂರು ಆಸರೆಗಳ ಮೇಲೆ ಒಂದೇ ಉದ್ದನೆಯ ಕಲ್ಲು ಹಾಸಿದರೆ ಗೆಲಿಲಿಯೊನ ಕಂಬಕ್ಕಾದ ಗತಿಯೇ ಅದಕ್ಕೂ ಆದೀತು. ಪ್ಲೈವುಡ್ಡಾದರೆ ಮುಂದಿನ ಅಂಚಿನ ಕೆಳಗೆ ಎರಡಿಂಚು ಎತ್ತರದ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ, ಸ್ಕ್ರೂ ಹೊಡೆಸಿ. ಎತ್ತರದ ಲೆಕ್ಕ ಅಲ್ಲಿ ನಮ್ಮ ಪರವಾಗಿ ದುಡಿಯುತ್ತದೆ.

ಜಾಗ ಹುಡುಕುವವರು ಪಕ್ಕದ ಗೋಡೆಗಿಂತ ಮೊದಲು ಕಾರಿನ ಬಾನೆಟ್ಟಿನ ಮೇಲೆ ಕಣ್ಣು ಹಾಯಿಸಬೇಕು. ಬಾನೆಟ್ಟು ಸುಮಾರು ಮೂರು ಅಡಿ ಎತ್ತರ. ಅದರ ಮೇಲೆ ಸೂರಿನವರೆಗೂ ಬರೀ ಗಾಳಿ. ಎದುರು ಗೋಡೆಗೆ ಆಳವಾದ ರ್‍ಯಾಕ್ ನಿಲ್ಲಿಸಿದರೆ ಕಾರಿನ ಬಾಗಿಲಿಗೂ ಅಡ್ಡಿಯಿಲ್ಲ. ಸೂರಿಗೆ ತೂಗುಹಾಕುವ ರ್‍ಯಾಕುಗಳ ಜಾಹೀರಾತುಗಳನ್ನು ನಾನು ನಂಬುವುದಿಲ್ಲ. ನಮ್ಮ ಶೆಡ್ಡುಗಳ ತಗಡು, ಸಿಮೆಂಟ್ ಶೀಟುಗಳು ಮಳೆ ತಡೆಯಲಿಕ್ಕಿರುವವು, ಚೀಲ ಹೊರಲಿಕ್ಕಲ್ಲ. ರ್‍ಯಾಕಿನ ಮೇಲೆ ಅಚ್ಚು ಹಾಕಿದ ಕಿಲೋ ಲೆಕ್ಕವೂ ಭಾರ ಸಮನಾಗಿ ಹರಡಿದ್ದರೆ ಮಾತ್ರ ನಿಜ. ಐವತ್ತು ಕಿಲೋ ರಾಗಿ ಚೀಲವನ್ನು ಹಲಗೆಯ ನಟ್ಟನಡುವೆ ಇಡದೆ ಕಾಲಿನ ಹತ್ತಿರಕ್ಕೆ ಸರಿಸಿ. ಕಾಲುಗಳ ಕೆಳಗೆ ಅಗಲವಾದ ಕಬ್ಬಿಣದ ಪ್ಲೇಟು ಕೊಡಿಸಿ, ಮೊದಲ ಮಳೆಗಾಲ ಮುಗಿದ ಮೇಲೆ ರಸಮಟ್ಟ ಇಟ್ಟು ನೋಡಿ. ಯಾವ ಕಾಲು ಇಳಿದಿದೆಯೋ ಅದರಡಿಗೆ ತಗಡಿನ ತುಂಡು ಕೊಟ್ಟು ಮತ್ತೆ ಸಮ ಮಾಡಿಸಿ.