ವಾರ್ತಾವಾಚಕ

ಬಾನುಲಿಯಲ್ಲಿ ಸುದ್ದಿಗಳನ್ನು ಓದಿ ಹೇಳುವವರನ್ನು ವಾರ್ತಾವಾಚಕರೆಂದು ಕರೆಯುತ್ತಾರೆ. ಲಕ್ಷಾಂತರ ಜನ ಅವರ ಧ್ವನಿಯನ್ನು ಬಲ್ಲರು. ಅವರ ಮುಖವನ್ನು ಕಂಡವರು ವಿರಳ. ಬರೆದಿಟ್ಟುದನ್ನು ಓದುವುದರಲ್ಲಿ ಏನು ಹೆಚ್ಚುಗಾರಿಕೆಯಿದೆ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಕೆಲವೇ ನಿಮಿಷಗಳ ಆ ವಾಚನದ ಹಿಂದೆ ಭಾಷೆಯ ಬಗೆಗಿನ ಎಚ್ಚರವೂ ಕೇಳುಗರ ಬಗೆಗಿನ ಹೊಣೆಗಾರಿಕೆಯೂ ಅಡಗಿವೆ.

ಕನ್ನಡ ನಾಡಿನಲ್ಲಿ ಬಾನುಲಿ ಪ್ರಸಾರ ಆರಂಭವಾದುದು 1935ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದರ ಪ್ರೇಷಕಯಂತ್ರದ ಸಾಮರ್ಥ್ಯ ಕೇವಲ 30 ವಾಟ್; ಅಂದರೆ ಒಂದು ಸಣ್ಣ ವಿದ್ಯುದ್ದೀಪ ಉರಿಯಲು ಬೇಕಾಗುವಷ್ಟೇ ಶಕ್ತಿ. ಆ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಭಾರತದ ಬಾನುಲಿ ಸಂಸ್ಥೆಗೆಲ್ಲ ಇದೇ ಹೆಸರು ರೂಢಿಗೆ ಬಂದಿತು. 1942ರಲ್ಲಿ ಮೈಸೂರು ಸಂಸ್ಥಾನವು ಈ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಧಾರವಾಡದಲ್ಲಿಯೂ 1955ರಲ್ಲಿ ಬೆಂಗಳೂರಿನಲ್ಲಿಯೂ ಆಕಾಶವಾಣಿ ಕೇಂದ್ರಗಳು ಪ್ರಾರಂಭವಾದವು.

ಎಲ್ಲ ಭಾಷೆಗಳಿಗೂ ಇಂಥ ಅವಕಾಶ ಸುಲಭವಾಗಿ ದೊರೆಯಲಿಲ್ಲ. ಬ್ರಿಟನ್ನಿಗೆ ಸೇರಿದ ವೇಲ್ಸ್ ನಾಡಿನಲ್ಲಿ ವೆಲ್ಷ್ ಎಂಬ ಪ್ರಾಚೀನ ಭಾಷೆಯಿದೆ. ಆ ಭಾಷೆಗೆ ಪ್ರತ್ಯೇಕ ದೂರದರ್ಶನ ವಾಹಿನಿಯನ್ನು ಕೊಡುವ ಭರವಸೆಯಿಂದ ಸರ್ಕಾರ ಹಿಂದೆಗೆದಾಗ, ಗ್ವಿನ್‌ಫರ್ ಇವಾನ್ಸ್ ಎಂಬ ನಾಯಕರು 1980ರಲ್ಲಿ ಆಮರಣ ಉಪವಾಸ ಕೈಗೊಳ್ಳುವುದಾಗಿ ಸಾರಿದರು. ಸರ್ಕಾರ ತನ್ನ ನಿಲುವನ್ನು ಬದಲಿಸಿತು. 1982ರ ನವೆಂಬರ್ 1ರಂದು ವೆಲ್ಷ್ ವಾಹಿನಿ ಆರಂಭವಾಯಿತು. ಅಲ್ಲಿನ ಜನ ದಿನದ ವಾರ್ತೆಯನ್ನು ಆ ವಾಹಿನಿಯಲ್ಲಿ ತಮ್ಮ ನುಡಿಯಲ್ಲೇ ಕೇಳುವಂತಾಯಿತು. ಮನೆಮಾತಿನಲ್ಲಿ ಜಗತ್ತಿನ ಸಮಾಚಾರವನ್ನು ತಿಳಿಯುವ ಹಕ್ಕು ಎಷ್ಟು ಅಮೂಲ್ಯವಾದುದೆಂಬುದಕ್ಕೆ ಇದೊಂದು ನಿದರ್ಶನ.

ಹಲವು ದಶಕಗಳ ಕಾಲ ರಾಷ್ಟ್ರದ ಕನ್ನಡ ವಾರ್ತೆಗಳು ದೆಹಲಿಯಿಂದ ಪ್ರಸಾರವಾಗುತ್ತಿದ್ದವು. ಅಲ್ಲಿ ದುಡಿಯುತ್ತಿದ್ದವರ ಹುದ್ದೆಯ ಹೆಸರೇ ‘ವಾರ್ತಾವಾಚಕ ಮತ್ತು ಅನುವಾದಕ’. ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಅವರು ಅಲ್ಪಾವಧಿಯಲ್ಲಿ ಕನ್ನಡಿಸಿ, ತಾವೇ ಓದಬೇಕಾಗಿತ್ತು. ಪತ್ರಿಕೆಯ ಓದುಗನಿಗೆ ಒಂದು ವಾಕ್ಯ ತಿಳಿಯದಿದ್ದರೆ ಮತ್ತೊಮ್ಮೆ ಓದಿಕೊಳ್ಳಬಹುದು. ಬಾನುಲಿಯ ಕೇಳುಗನಿಗೆ ಆ ಸೌಲಭ್ಯವಿಲ್ಲ. ಆದುದರಿಂದ ವಾರ್ತೆಯ ವಾಕ್ಯಗಳು ಚಿಕ್ಕವಾಗಿರಬೇಕು. ಇಂಗ್ಲಿಷಿನ ‘ಮಿಲಿಯನ್’ ಹತ್ತು ಲಕ್ಷವಾಗಿ ಬದಲಾಗಬೇಕು. ಉಚ್ಚಾರಣೆಯೂ ಶುದ್ಧವಾಗಿರಬೇಕು, ಮಹಾಪ್ರಾಣ ಜಾರಿದರೆ ‘ಧನ’ವು ‘ದನ’ವಾಗುತ್ತದೆ!

ಕೆಲವೊಮ್ಮೆ ಜೀವದ ಸುರಕ್ಷತೆಯೂ ವಾರ್ತೆಯ ನಿಖರತೆಯನ್ನು ಅವಲಂಬಿಸಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ಬಳಿ ಇರುವ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನೀರು ಭೋರ್ಗರೆದು ಹೊರನುಗ್ಗಿತು. ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಯಿತು. ಈ ನದಿಯ ಕೆಳಹರಿವಿನಲ್ಲಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳೂ ಭತ್ತದ ಗದ್ದೆಗಳೂ ಇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಇಂಥ ಸಂದರ್ಭದಲ್ಲಿ ‘ಒಂದು ಲಕ್ಷ ಕ್ಯೂಸೆಕ್’ ಎಂಬುದನ್ನು ‘ಹತ್ತು ಸಾವಿರ’ ಎಂದು ಓದಿಬಿಟ್ಟರೆ, ಮನೆ ಬಿಟ್ಟು ಹೊರಡಬೇಕಾದವರು ಅಲ್ಲಿಯೇ ಉಳಿದಾರು. ಅಂಕಿಗಳನ್ನು ವಿನಾಕಾರಣ ಹಿಗ್ಗಿಸಿದರೆ ಊರಿಗೆ ಊರೇ ಗಾಬರಿಗೊಂಡೀತು. ಸುದ್ದಿ ಎಷ್ಟೇ ಭೀಕರವಾಗಿದ್ದರೂ ವಾಚಕರು ಧ್ವನಿಯನ್ನು ಹದದಲ್ಲಿಟ್ಟು ಓದುವುದು ಇದೇ ಕಾರಣದಿಂದ.

ಇನ್ನೊಂದು ತೊಡಕೂ ಉಂಟು. ಕನ್ನಡ ಒಂದೇ ಆದರೂ ಅದರ ಬಳಕೆ ಊರಿಂದೂರಿಗೆ ಬೇರೆ. ಬಳ್ಳಾರಿ, ಧಾರವಾಡಗಳ ಕಡೆ ಶೇಂಗಾ ಎನ್ನುವುದನ್ನು ಮೈಸೂರಿನವರು ಕಡಲೆಕಾಯಿ ಎನ್ನುತ್ತಾರೆ. ಕರಾವಳಿಯಲ್ಲಿ ಅದು ನೆಲಗಡಲೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಆಂಧ್ರದ ಗಡಿಯಲ್ಲಿರುವ ಸಿರುಗುಪ್ಪದ ರೈತನಿಗೂ ಮಲೆನಾಡಿನ ಕಾಫಿ ಬೆಳೆಗಾರನಿಗೂ ಕಡಲತೀರದ ಮೀನುಗಾರನಿಗೂ ಒಂದೇ ಕ್ಷಣದಲ್ಲಿ ಅರ್ಥವಾಗುವ ನುಡಿಯನ್ನು ವಾರ್ತಾವಾಚಕರು ಆರಿಸಿಕೊಳ್ಳಬೇಕು. ದಿನದಿನವೂ ನಡೆದ ಈ ಆಯ್ಕೆಯಿಂದ ಎಲ್ಲ ಸೀಮೆಯವರಿಗೂ ಸಲ್ಲುವ ಒಂದು ವಾರ್ತಾಭಾಷೆ ಕನ್ನಡದಲ್ಲಿ ರೂಪುಗೊಂಡಿದೆ.

ಕವಿಗೆ ಕೃತಿಯಿದೆ, ನಟನಿಗೆ ರಂಗದ ಚಪ್ಪಾಳೆಯಿದೆ. ವಾರ್ತಾವಾಚಕರ ಮಾತು ನುಡಿದ ಕ್ಷಣದಲ್ಲೇ ಗಾಳಿಯಲ್ಲಿ ಲೀನವಾಗುತ್ತದೆ. ಓದಿದವರ ಹೆಸರನ್ನು ಕೇಳುಗರು ಮರೆಯಬಹುದು. ಆದರೆ ಕೇಳಿದ ಸುದ್ದಿ ನಿಜವೆಂಬ ನಂಬಿಕೆಯಿಂದ ರೈತ ಹೊಲದತ್ತ ನಡೆದರೆ, ನದಿದಂಡೆಯ ಕುಟುಂಬ ಸಕಾಲದಲ್ಲಿ ಎತ್ತರದ ನೆಲೆಯನ್ನು ಸೇರಿದರೆ, ಆ ವೃತ್ತಿ ಸಾರ್ಥಕವಾದಂತೆ.