ಮಲ್ಲೇಶ್ವರದ ನೆರೆಹೊರೆ

ಬೆಂಗಳೂರಿನ ಹಳೆಯ ಪೇಟೆಯ ಜನಕ್ಕೆ ಒಂದು ಕಾಲದಲ್ಲಿ ಮಲ್ಲೇಶ್ವರವೆಂದರೆ ಕಾಡು. ಅಲ್ಲಿಯ ದೇವರಿಗೆ ಇಂದಿಗೂ ಕಾಡುಮಲ್ಲೇಶ್ವರನೆಂದೇ ಹೆಸರು. 1669ನೆಯ ಇಸವಿಯ ಶಾಸನವೊಂದರಲ್ಲಿ, ಶಿವಾಜಿಯ ಮಲತಾಯಿಯ ಮಗನಾದ ಏಕೋಜಿಯು ಮೇದರನಿಂಗನಹಳ್ಳಿ ಎಂಬ ಗ್ರಾಮವನ್ನು ಮಲ್ಲಪುರದ ಈ ದೇವರಿಗೆ ಬಿಟ್ಟುಕೊಟ್ಟ ಸಂಗತಿ ಕಾಣಬರುತ್ತದೆ. ಆ ಮಲ್ಲಪುರವೇ ಇಂದಿನ ಮಲ್ಲೇಶ್ವರ. ಎರಡು ಶತಮಾನಕ್ಕೂ ಹೆಚ್ಚು ಕಾಲ ಅದು ಗುಡಿಯೊಂದರ ಸುತ್ತಲಿನ ಸಣ್ಣ ಹಳ್ಳಿಯಾಗಿಯೇ ಇದ್ದಿತು. ಅದನ್ನು ದೊಡ್ಡ ಬಡಾವಣೆಯನ್ನಾಗಿ ಮಾಡಿದುದು ಭಕ್ತಿಯಲ್ಲ, ಭಯ.

1898ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಪ್ಲೇಗು ರೈಲುದಾರಿ ಹಿಡಿದು ಬೆಂಗಳೂರಿಗೆ ಬಂದಿತು. ಪೇಟೆಯ ಓಣಿಗಳು ಇಕ್ಕಟ್ಟು. ಮನೆಗೆ ಮನೆ ಅಂಟಿಕೊಂಡು ಗಾಳಿ ಬೆಳಕುಗಳಿಗೆ ದಾರಿಯಿಲ್ಲ. ಇಲಿ ಸತ್ತ ಮನೆಯನ್ನು ಬಿಟ್ಟು ಜನರು ಊರ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್ ಅವರು. ಪೇಟೆಯ ಒತ್ತಡವನ್ನು ಕಡಿಮೆ ಮಾಡದೆ ಊರಿಗೆ ಉಳಿಗಾಲವಿಲ್ಲವೆಂದು ಕಂಡು, ಸರ್ಕಾರವು ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಹೊಸ ಬಡಾವಣೆಗಳನ್ನಾಗಿ ಅಳೆಯಿಸಿತು. ಒಂದಕ್ಕೆ ಕಾಡುಮಲ್ಲೇಶ್ವರ, ಇನ್ನೊಂದಕ್ಕೆ ದೊಡ್ಡಬಸವಣ್ಣ. ಎರಡೂ ದೇವರ ಹೆಸರಿನ ಊರುಗಳಾದುವು. ಹೊಸ ನೆಲಕ್ಕೆ ಹೋಗಲು ಹೆದರುವವರಿಗೆ ಹಳೆಯ ದೇವರ ನೆರಳಿರುವುದು ಎಷ್ಟು ಧೈರ್ಯವೆಂಬುದನ್ನು ಗೃಹಸ್ಥರಾದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಡಾವಣೆಯನ್ನು ನೂಲು ಹಿಡಿದಂತೆ ಹಾಕಿದರು. ಉದ್ದಕ್ಕೆ ನೇರವಾದ ಬೀದಿಗಳು. ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಒಂದನೆಯ ಕ್ರಾಸು, ಎರಡನೆಯ ಕ್ರಾಸು ಎಂದು ಎಣಿಕೆಯ ಹೆಸರಿನವು. ಸಂಪಿಗೆಯಿಂದ ಒಂದು ರಸ್ತೆಗೆ ಹೆಸರಾಯಿತು, ಬೇವಿನಿಂದ ಇನ್ನೊಂದಕ್ಕೆ. ಬೇವಿನ ರಸ್ತೆಯನ್ನು ಮಾರ್ಗೋಸಾ ರಸ್ತೆಯೆಂದು ಇಂಗ್ಲಿಷಿನಲ್ಲಿ ಕರೆದುದೇಕೋ ತಿಳಿಯದು. ಬೇವಿಗೆ ಕನ್ನಡದಲ್ಲಿ ಇರುವಷ್ಟು ಬಳಕೆ ಬೇರೆಲ್ಲಿದೆ? 1896ರಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದಿದ್ದಿತು. 1905ರಲ್ಲಿ ಶಿವನಸಮುದ್ರದ ವಿದ್ಯುದ್ದೀಪಗಳು ಊರಿನಲ್ಲಿ ಹೊತ್ತಿಕೊಂಡುವು. 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆ ಪಕ್ಕದಲ್ಲಿಯೇ ಇದ್ದಿತು. 1909ರಲ್ಲಿ ಸ್ಥಾಪಿತವಾದ ಟಾಟಾ ವಿಜ್ಞಾನಮಂದಿರ ಕೂಗಳತೆಯಲ್ಲಿ ಬಂದಿತು. 1933ರಲ್ಲಿ ಅದರ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್ ಅವರೂ ಮಲ್ಲೇಶ್ವರದಲ್ಲಿಯೇ ಮನೆ ಮಾಡಿದರು.

ಆ ಹಳೆಯ ಕಾಲವನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ನಿವೇಶನಗಳನ್ನು ಹಂಚಿದುದು ಜಾತಿಮತಗಳನ್ನು ನೋಡಿ. ಯಾರು ಯಾರ ಪಕ್ಕದಲ್ಲಿರಬೇಕೆಂಬುದು ನಕ್ಷೆ ಬರೆಯುವಾಗಲೇ ತೀರ್ಮಾನವಾಗಿದ್ದಿತು. ಮನೆಗಳ ಹಿಂಬದಿಯಲ್ಲಿ ಸಾಲುಸಾಲಿಗೂ ಒಂದು ಕಿರುಸಂದಿಯನ್ನು ಬಿಟ್ಟಿದ್ದರು. ಕನ್ಸರ್ವೆನ್ಸಿ ಗಲ್ಲಿಯೆಂದು ಅದಕ್ಕೆ ಹೆಸರು. ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಮಾಡಿದ ದಾರಿ ಅದು. ಸಂಪಿಗೆಯ ಪರಿಮಳವನ್ನು ನೆನೆಯುವವರು ಈ ಸಂದಿಯನ್ನೂ ನೆನೆಯಬೇಕು. ನೆರೆಹೊರೆಯ ಸ್ನೇಹವೆಂದು ನಾವು ಇಂದು ಉಳಿಸಿಕೊಳ್ಳಬೇಕೆನ್ನುವುದರಲ್ಲಿ ಎಷ್ಟು ಪಾಲು ಒಂದೇ ಕುಲದವರ ಸಲುಗೆಯಾಗಿದ್ದಿತು, ಎಷ್ಟು ಪಾಲು ನಿಜವಾದ ಊರತನವಾಗಿದ್ದಿತು ಎಂಬುದನ್ನು ಬೇರ್ಪಡಿಸಿ ನೋಡುವುದು ಮೇಲು.

ಆದರೆ ಊರತನವೂ ಇದ್ದಿತು, ಮತ್ತು ಅದಕ್ಕೆ ಮನೆಯ ಕಟ್ಟಡವೇ ಸಹಾಯವಾಗಿದ್ದಿತು. ಹಳೆಯ ಮಲ್ಲೇಶ್ವರದ ಮನೆಯನ್ನು ಕಂಡವರು ಬಲ್ಲರು: ಮಂಗಳೂರು ಹೆಂಚು, ಮರದ ಪಟ್ಟಿಗಳಿಂದ ಚೂಪಾಗಿ ಮಾಡಿದ ಮಂಕಿಟಾಪ್ ಎಂಬ ಕಿಟಕಿಯ ತಲೆಗಟ್ಟು, ಮುಂದೆ ಜಗಲಿ, ಜಗಲಿಯ ಮುಂದೆ ನಾಲ್ಕು ಹೂಗಿಡ, ಎದೆಯ ಮಟ್ಟಕ್ಕೂ ಬಾರದ ಗೋಡೆ. ಬೀದಿಯಲ್ಲಿ ಹೋಗುವವನು ಜಗಲಿಯ ಮೇಲೆ ಕುಳಿತವನನ್ನು ನೋಡದೆ ದಾಟುವಂತಿಲ್ಲ. ನೋಡಿದ ಮೇಲೆ ಮಾತನಾಡಿಸದೆ ಹೋಗುವಂತಿಲ್ಲ. ಊಟವಾಯಿತೆ, ಮಗುವಿಗೆ ಜ್ವರ ಬಿಟ್ಟಿತೆ, ಮಗಳನ್ನು ನೋಡಲು ಬಂದವರು ಏನೆಂದರು, ಇಷ್ಟೇ ಮಾತು. ಇದರಲ್ಲಿ ಕಿರಿಕಿರಿಯೂ ಉಂಟು. ನಮ್ಮ ಮನೆಯ ಸಂಗತಿ ಮೂರನೆಯ ಕ್ರಾಸಿನವರಿಗೆ ನಮಗಿಂತ ಮೊದಲೇ ತಿಳಿದಿರುವುದು ಯಾರಿಗೆ ಇಷ್ಟ? ಆದರೂ ಗಂಡಸರಿಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಬಿದ್ದರೆ ಓಡಿಬರುವವರೂ ಅದೇ ಮೂರನೆಯ ಕ್ರಾಸಿನವರು.

ಈ ಬಳಕೆಯನ್ನು ವರ್ಷವಿಡೀ ಕಾಯ್ದುಕೊಂಡು ಬಂದವರು ಹೆಂಗಸರು ಮತ್ತು ಮಕ್ಕಳು. ಸಂಕ್ರಾಂತಿಯ ಸಂಜೆ ಹುಡುಗಿಯರು ರೇಶಿಮೆಯ ಲಂಗ ತೊಟ್ಟು ಎಳ್ಳು ಬೀರಲು ಹೊರಟರೆ, ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಬೀಜ, ಹುರಿಗಡಲೆ, ಸಕ್ಕರೆಯಚ್ಚು, ಕಬ್ಬಿನ ತುಂಡು. ಒಂದು ಮನೆಯನ್ನು ಬಿಟ್ಟರೆ ವರ್ಷವೆಲ್ಲ ಮಾತು. ರಾಮನವಮಿಗೆ ಪಾನಕ ಕೋಸಂಬರಿ. ಗಣೇಶನ ಹಬ್ಬದಲ್ಲಿ ಮಕ್ಕಳು ಗುಂಪುಕಟ್ಟಿಕೊಂಡು ಅಕ್ಷತೆ ಹಿಡಿದು, ನೂರೆಂಟು ಗಣೇಶನನ್ನು ನೋಡಬೇಕೆಂಬ ಹಟದಿಂದ, ಗುರುತಿದ್ದ ಮನೆ ಗುರುತಿಲ್ಲದ ಮನೆಯೆನ್ನದೆ, “ನಿಮ್ಮನೇಲಿ ಗಣೇಶನ್ನ ಕೂರ್ಸಿದೀರಾ?” ಎಂದು ಕೇಳುತ್ತ ಹೋಗುವರು. ನವರಾತ್ರಿಯಲ್ಲಿ ಅದೇ ಸವಾರಿ ಗೊಂಬೆ ನೋಡಲು, ಚರಪಿಗಾಗಿ. ಮಗುವೊಂದು ಹತ್ತು ವರ್ಷ ತುಂಬುವುದರೊಳಗೆ ಐವತ್ತು ಮನೆಗಳ ನಡುಮನೆಯನ್ನು ಕಂಡಿರುತ್ತಿದ್ದಿತು. ಯಾವ ಸಂಘವೂ ನಿಬಂಧನೆ ಬರೆದು ಮಾಡಿಸಲಾರದ ಕೆಲಸವಿದು.

ಇಂದು ಇದೇ ಮಗು ಹೊಸ ಕಟ್ಟಡದ ಮುಂದೆ ನಿಂತರೆ ಮೊದಲು ಕಾಣುವವನು ಕಾವಲುಗಾರ. ಯಾವ ಮನೆ, ಏನು ಹೆಸರು ಎಂದು ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಮೇಲಿನವರು ದೂರವಾಣಿಯಲ್ಲಿ ಒಪ್ಪಬೇಕು. ಆತನನ್ನು ದೂರುವುದಲ್ಲ, ಅವನ ಕೆಲಸ ಅದು. ಆದರೆ ಹೆಸರು ಬರೆದು ಎಳ್ಳು ಬೀರಲು ಯಾವ ಹುಡುಗಿಗೆ ಮನಸ್ಸಾದೀತು?

ಜಗಲಿಯ ಮನೆಗಳು ಹೋದುದು ಹೇಗೆ? ಹಣದಾಸೆಯಿಂದ ಮಾರಿದರೆಂದು ಹೇಳಿಬಿಡುವುದು ಸುಲಭ. ನಿಜಸ್ಥಿತಿ ಅಷ್ಟು ಸರಳವಲ್ಲ. ತಾತನು ಕಟ್ಟಿಸಿದ ಮನೆಗೆ ಈಗ ಏಳೆಂಟು ಮಂದಿ ಹಕ್ಕುದಾರರು; ಅರ್ಧ ಜನ ಪರದೇಶದಲ್ಲಿ. ಇಲ್ಲಿ ಉಳಿದಿರುವವರು ಎಪ್ಪತ್ತು ದಾಟಿದ ದಂಪತಿಗಳು. ಹೆಂಚು ಬದಲಾಯಿಸುವವನು ಸಿಕ್ಕುವುದಿಲ್ಲ. ಸಿಕ್ಕಿದರೂ ಮೇಲುಮಾಡಿನ ತೊಲೆಗೆ ಗೆದ್ದಲು ಹಿಡಿದಿದೆ. ಮನೆಯನ್ನು ಪಾಲು ಮಾಡಲಾಗದು, ಮಾರಿದ ಹಣವನ್ನು ಪಾಲು ಮಾಡಬಹುದು. ಅಷ್ಟರಲ್ಲಿ ಕಟ್ಟುವ ಕಂಟ್ರಾಕ್ಟರು ಬಂದು, ನೆಲ ನಿಮ್ಮದು ಕಟ್ಟಡ ನಮ್ಮದು, ಆದುದರಲ್ಲಿ ಅರ್ಧ ಮನೆಗಳು ನಿಮಗೆ, ಎನ್ನುತ್ತಾನೆ. ಒಬ್ಬೊಬ್ಬ ಮಗನಿಗೂ ಒಂದೊಂದು ಮನೆ. ಮುದುಕರಿಗೆ ಲಿಫ್ಟು, ನೀರು, ಕಾವಲು. ಈ ಮಾತನ್ನು ತಳ್ಳಿಹಾಕೆಂದು ಆ ದಂಪತಿಗಳಿಗೆ ಹೇಳುವ ಅಧಿಕಾರ ಹೊರಗಿನವರಾದ ನಮಗಿಲ್ಲ.

ಬೀದಿಯ ಪಾಡು ಬೇರೆ. ರಾಜಾ ಮಿಲ್ಲು ಎಂದು ಜನ ಕರೆಯುತ್ತಿದ್ದ ನೂಲಿನ ಗಿರಣಿಯ ಜಾಗದಲ್ಲಿ 2010ರಲ್ಲಿ ಭಾರಿ ಮಾಲು ಎದ್ದಿತು. ಗಿರಣಿಯ ಸಿಳ್ಳಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕೇರಿಗಳು ಈಗ ಮೋಟಾರುಗಳ ಸಾಲನ್ನು ನೋಡುತ್ತಿವೆ. 2014ರ ಮಾರ್ಚಿಯಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೋ ರೈಲು ಓಡತೊಡಗಿತು. ಇದರಿಂದಾದ ಅನುಕೂಲವನ್ನು ಅಲ್ಲಗಳೆಯುವುದು ಕೃತಘ್ನತೆಯೇ ಸರಿ. 2007ರಲ್ಲಿ ಜಾರಿಗೆ ಬಂದ ನಗರಯೋಜನೆಯು ವಾಸದ ಬೀದಿಗಳಲ್ಲಿ ಅಂಗಡಿ ಕಚೇರಿಗಳಿಗೆ ಬಾಗಿಲು ತೆರೆಯಿತು. ಒಂದು ಅಂಗಡಿಯಿಂದ ಬೀದಿ ಕೆಡುವುದಿಲ್ಲ, ಬದಲಾಗಿ ಸಂಜೆ ಬೆಳಕಿರುತ್ತದೆ. ಎಂಟನೆಯ ಕ್ರಾಸಿನ ಹೂವು ಹಣ್ಣುಗಳ ಸಾಲಿಲ್ಲದೆ ಮಲ್ಲೇಶ್ವರವನ್ನು ಊಹಿಸುವುದುಂಟೆ? ವರಮಹಾಲಕ್ಷ್ಮಿಯ ಹಿಂದಿನ ದಿನ ಅಲ್ಲಿ ಕಾಲಿಡಲು ಸ್ಥಳವಿರದು. ಬೈದುಕೊಳ್ಳುತ್ತಲೇ ಎಲ್ಲರೂ ಅಲ್ಲಿಗೇ ಹೋಗುವರು. ಕೆಡುಕಾಗುವುದು ರಾತ್ರಿ ಬೀಗ ಹಾಕಿಕೊಂಡು ಹೋಗುವ ಕಚೇರಿಗಳು ಸಾಲಾಗಿ ಬಂದಾಗ. ಬೀದಿಯಲ್ಲಿ ಹಗಲು ಜನ, ರಾತ್ರಿ ಯಾರೂ ಇಲ್ಲ.

ಹೀಗಿರುವಾಗ ಉಳಿಸಿಕೊಳ್ಳುವ ಪ್ರಯತ್ನಗಳು ಏನೇನು ನಡೆದಿವೆ? ಕೆಲವು ಮನಸ್ಸಿಗೆ ಹಿತವಾದವು. 1997ರಲ್ಲಿ ಕಾಡುಮಲ್ಲೇಶ್ವರ ಗುಡಿಯ ಎದುರಿಗೆ ಮಣ್ಣಿನಲ್ಲಿ ಹುಗಿದುಹೋಗಿದ್ದ ಕಲ್ಯಾಣಿಯೊಂದು ಅಗೆಯುವಾಗ ಬಯಲಾಯಿತು. ನಂದಿಯ ಬಾಯಿಂದ ಸುರಿಯುವ ನೀರು ಕೆಳಗಿನ ಲಿಂಗದ ಮೇಲೆ ಬೀಳುತ್ತದೆ, ಅದೇ ನಂದಿತೀರ್ಥ. ನೆಲಕ್ಕೆ ಚಿನ್ನದ ಬೆಲೆಯಿರುವ ಕಡೆ ಅದು ಮತ್ತೊಂದು ಕಟ್ಟಡವಾಗದೆ ತೀರ್ಥವಾಗಿ ಉಳಿದುದು ಸಣ್ಣ ಸಂಗತಿಯಲ್ಲ. ಅದೇ ಗುಡಿಯ ಆವರಣದ ಬಯಲು ರಂಗದಲ್ಲಿ ಕಾಡುಮಲ್ಲೇಶ್ವರ ಗೆಳೆಯರ ಬಳಗದವರು ಹುಣ್ಣಿಮೆ ಹಾಡು ಎಂಬ ಸಂಗೀತಕೂಟವನ್ನು ಏರ್ಪಡಿಸಿದರು. ಟಿಕೀಟಿಲ್ಲ, ಬೆಳದಿಂಗಳಿನಲ್ಲಿ ಕುಳಿತು ಕೇಳುವುದು. ಬಸವನಗುಡಿಯ ಕಡಲೆಕಾಯಿ ಪರಿಷೆಯ ಮಾದರಿಯಲ್ಲಿ ಮಲ್ಲೇಶ್ವರದಲ್ಲಿಯೂ ಪರಿಷೆ ನಡೆಯತೊಡಗಿದೆ. ಹೊಸದಾಗಿ ಹುಟ್ಟಿಸಿದ ಸಂಪ್ರದಾಯವೆಂದು ನಗುವವರಿದ್ದಾರೆ. ಯಾವ ಸಂಪ್ರದಾಯವೂ ಒಂದು ದಿನ ಹೊಸದಾಗಿಯೇ ಹುಟ್ಟಿರಬೇಕಲ್ಲವೆ?

ಮೇಲೆ ಹೇಳಿದ ಹಿಂಬದಿಯ ಸಂದಿಗಳ ಕಥೆ ಇನ್ನೂ ಸ್ವಾರಸ್ಯದ್ದು. ಒಳಚರಂಡಿ ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲವಾಗಿ, ಕಸದ ಗುಂಡಿಗಳಾದುವು; ಕೆಲವನ್ನು ಅಕ್ಕಪಕ್ಕದವರು ಸದ್ದಿಲ್ಲದೆ ಒಳಗೆ ಹಾಕಿಕೊಂಡರು. ಈಚಿನ ವರ್ಷಗಳಲ್ಲಿ ಅವುಗಳಲ್ಲಿ ಕೆಲವನ್ನು ನಿವಾಸಿಗಳೇ ಮುಂದೆ ಬಂದು ಗುಡಿಸಿ, ಗೋಡೆಗಳಿಗೆ ಚಿತ್ರ ಬರೆಯಿಸಿ, ನಡೆದು ಹೋಗುವವರ ದಾರಿಯನ್ನಾಗಿ ಮಾಡಿದರು. ಮೋಟಾರುಗಳ ಕಾಟವಿಲ್ಲದೆ ಮುದುಕರೂ ಮಕ್ಕಳೂ ಒಂದು ರಸ್ತೆಯಿಂದ ಇನ್ನೊಂದಕ್ಕೆ ಹೋಗಬಹುದು. ಯಾರನ್ನು ಮರೆಮಾಡಲು ಆ ದಾರಿಯನ್ನು ಮಾಡಿದ್ದರೋ ಅವರ ಮೊಮ್ಮಕ್ಕಳೂ ಅದರಲ್ಲಿ ತಲೆಯೆತ್ತಿ ನಡೆಯುವರು. ಹಳೆಯದನ್ನು ಉಳಿಸುವುದೆಂದರೆ ಹೀಗೆಂದು ನಮ್ಮ ಅಭಿಪ್ರಾಯ: ಕಲ್ಲು ಉಳಿಯಿತು, ಕಳಂಕ ಹೋಯಿತು.

ಮರಗಳ ವಿಷಯದಲ್ಲಿ ಜಗಳವೇ ಆಗಬೇಕಾಯಿತು. 2011ರಲ್ಲಿ ಸ್ಯಾಂಕಿ ರಸ್ತೆಯನ್ನು ಅಗಲಮಾಡಲು ಮರಗಳಿಗೆ ಕೊಡಲಿ ಬಿದ್ದಾಗ ಬಡಾವಣೆಯ ಜನ ರಸ್ತೆಗಿಳಿದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲುಸೇತುವೆಯ ಯೋಜನೆ ಬಂದಾಗ, 2016ರ ಅಕ್ಟೋಬರಿನಲ್ಲಿ ಬೆಂಗಳೂರಿನವರು ಕೈಕೈ ಹಿಡಿದು ಸಾಲು ನಿಂತರು. 2017ರಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. 2023ರಲ್ಲಿ ಸ್ಯಾಂಕಿ ಕೆರೆಯ ಪಕ್ಕಕ್ಕೇ ಮೇಲುಸೇತುವೆಯ ಮಾತು ಬಂದು ಪುನಃ ಗುಂಪು ಸೇರಿತು. ಪರಿಚಯವಿಲ್ಲದೆ ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಇದ್ದವರು ಇಂಥ ದಿನ ಮರದ ಕೆಳಗೆ ಮೊದಲ ಸಲ ಮಾತನಾಡಿದುದುಂಟು. ಪೌರಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ವರ್ಷಗಳವರೆಗೆ ಚುನಾವಣೆಯಿಲ್ಲದೆ ಹೋಯಿತು. ಅಹವಾಲು ಹೇಳಿಕೊಳ್ಳಲು ವಾರ್ಡಿನ ಪ್ರತಿನಿಧಿಯೇ ಇಲ್ಲದ ಕಾಲದಲ್ಲಿ ನೆರೆಹೊರೆಯ ಕೂಟಕ್ಕೆ ಇನ್ನಷ್ಟು ಬೆಲೆ.

ಕಟ್ಟುಪಾಡು ಮಾಡಿ ಕಾಪಾಡಿದ ಊರುಗಳೂ ಇವೆ. ಲಂಡನ್ನಿನ ಬಳಿ 1907ರಲ್ಲಿ ಹೆನ್ರಿಯೆಟಾ ಬಾರ್ನೆಟ್ ಎಂಬ ಮಹಿಳೆಯು ಹ್ಯಾಂಪ್‌ಸ್ಟೆಡ್ ಉದ್ಯಾನ ಬಡಾವಣೆಯನ್ನು ಸ್ಥಾಪಿಸಿದರು. ಧನಿಕರೂ ಬಡವರೂ ಒಂದೆಡೆ ಇರಬೇಕು, ಮನೆಮನೆಗಳ ನಡುವೆ ಗೋಡೆಯಿಲ್ಲದೆ ಗಿಡಗಳ ಬೇಲಿಯಿರಬೇಕು ಎಂಬುದು ಆಕೆಯ ಸಂಕಲ್ಪ. 1967ರ ಕಾನೂನಿನಿಂದ ನಿವಾಸಿಗಳು ನೆಲವನ್ನು ಸ್ವಂತಕ್ಕೆ ಕೊಳ್ಳುವಂತಾದಾಗ, ಊರಿನ ರೂಪ ಕೆಡದಿರಲೆಂದು 1974ರಲ್ಲಿ ನ್ಯಾಯಾಲಯದ ಒಪ್ಪಿಗೆಯಿಂದ ಒಂದು ವ್ಯವಸ್ಥೆಯಾಯಿತು. ಮನೆಯ ಹೊರರೂಪವನ್ನು ಬದಲಾಯಿಸಲು ಅಲ್ಲಿಯ ಟ್ರಸ್ಟಿನ ಅಪ್ಪಣೆ ಬೇಕು. ಬೇಲಿಗಳು ಉಳಿದುವು, ಮರಗಳು ಉಳಿದುವು. ಬಡವರು ಮಾತ್ರ ಉಳಿಯಲಿಲ್ಲ. ಇಂದು ಅಲ್ಲಿ ಮನೆ ಕೊಳ್ಳುವುದು ಕೋಟ್ಯಧೀಶರಿಗೆ ಸಾಧ್ಯ. ಕಟ್ಟಡವನ್ನು ಕಾಯುವ ಕಾನೂನಿಗೆ ನೆರೆಹೊರೆಯನ್ನು ಕಾಯುವುದು ತಿಳಿಯದು. ಮಲ್ಲೇಶ್ವರದಲ್ಲಿ ಹೂ ಮಾರುವವರೂ ಮನೆಗೆಲಸದವರೂ ರಾತ್ರಿ ಎಲ್ಲಿಗೆ ಹಿಂದಿರುಗುವರೆಂದು ವಿಚಾರಿಸಿದರೆ ಇಲ್ಲಿಯೂ ಇದೇ ತೊಡಕು.

ಆದುದರಿಂದ ಗೃಹಸ್ಥರಿಂದ ಆಗತಕ್ಕ ಕೆಲಸಗಳನ್ನಷ್ಟೇ ಹೇಳುತ್ತೇವೆ. ಮನೆಯನ್ನು ಕೆಡವಿಸಲೇಬೇಕಾದವರು, ಬೀದಿಬದಿಯ ಮರವನ್ನು ಮುಟ್ಟಕೂಡದು, ಮುಂಗೋಡೆ ತಗ್ಗಾಗಿರಬೇಕು, ಬಾಗಿಲ ಪಕ್ಕದಲ್ಲಿ ನಾಲ್ಕು ಜನ ಕೂಡುವಷ್ಟು ಕಲ್ಲಿನ ಜಗಲಿ ಇರಬೇಕು ಎಂದು ಕರಾರುಪತ್ರದಲ್ಲಿಯೇ ಬರೆಯಿಸಬಹುದು. ಕಂಟ್ರಾಕ್ಟರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ನಾವು ಕೇಳುವುದಿಲ್ಲ, ಅವನು ಕೊಡುವುದಿಲ್ಲ. ಹಳೆಯ ಬಾಗಿಲು, ಕಂಬ, ಮಂಕಿಟಾಪುಗಳನ್ನು ಗುಜರಿಗೆ ಹಾಕದೆ ಹೊಸ ಕಟ್ಟಡದ ಮುಂಭಾಗಕ್ಕೆ ಕೂಡಿಸಬಹುದು. ಕೆಡವುವ ಮೊದಲು ಮನೆಯ ಚಿತ್ರ ತೆಗೆಯಿಸಿ, ಕಟ್ಟಿದವರ ಹೆಸರು, ಇಸವಿಗಳನ್ನು ಬರೆದಿಟ್ಟರೆ ಮೊಮ್ಮಕ್ಕಳಿಗಾದರೂ ಉಪಯೋಗವಾದೀತು.

ಇನ್ನು ಸಂಕ್ರಾಂತಿಯ ಎಳ್ಳಿನ ಮಾತು. ಮೇಲಿನ ಅಂತಸ್ತಿಗೆ ಬಾಡಿಗೆಗೆ ಬಂದವರು ಬೇರೆ ದೇಶಭಾಷೆಯವರು, ಅವರಿಗೆ ಇದು ತಿಳಿಯದೆಂದು ಕೆಲವು ಗೃಹಿಣಿಯರು ಸಂಕೋಚಪಡುವುದುಂಟು. ಮಹಾರಾಷ್ಟ್ರದವರಾದರೆ ಅದೇ ದಿನ ಅವರಲ್ಲಿ ಎಳ್ಳುಂಡೆ ಹಂಚಿ ಒಳ್ಳೆಯ ಮಾತಾಡಿರೆಂದು ಹೇಳುವ ಪದ್ಧತಿಯಿದೆ. ಪಂಜಾಬಿನವರಿಗೆ ಹಿಂದಿನ ರಾತ್ರಿಯೇ ಲೋಹಡಿಯ ಬೆಂಕಿ, ಎಳ್ಳುಬೆಲ್ಲದ ತಿನಿಸು. ಎಳ್ಳು ಬೆಲ್ಲಗಳನ್ನು ಅರಿಯದ ದೇಶಭಾಷೆ ನಮ್ಮಲ್ಲಿ ಕಡಿಮೆ. ತಟ್ಟೆ ಹಿಡಿದು ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ. ಕಾವಲುಗಾರನಿಗೂ ಒಂದು ಪೊಟ್ಟಣವನ್ನು ಮರೆಯದೆ ಇಟ್ಟಿರಿ.